ತದಡಿಯ ಕೆಸರು, ಅಲಗೇರಿಯ ರನ್‌ವೇ

ಶುಕ್ರವಾರ: ಶಿರಸಿಯಿಂದ ತದಡಿ

ದೇವಿಮನೆ ಘಟ್ಟ ಇಳಿದು ಕತಗಾಲ ಮುಟ್ಟುವಷ್ಟರಲ್ಲಿ ಡಿಸೆಂಬರ್ ಚಳಿ ಬಿಟ್ಟಿತ್ತು. ಸ್ವೆಟರ್ ತೆಗೆದು ಹಿಂದಿನ ಸೀಟಿಗೆ ಹಾಕಿದೆವು. ಕಾರು ಓಡಿಸುತ್ತಿದ್ದವನು ನನ್ನ ಅಕ್ಕನ ಮಗ. ಅವನಿಗೆ ಕೆಲಸ ದಕ್ಷಿಣ ಕೊರಿಯಾದ ಸಾಂಗ್ಡೊ ಎಂಬ ಊರಿನಲ್ಲಿ, ಔಷಧ ಮಾಡುವ ಕಂಪನಿಯೊಂದರಲ್ಲಿ. ರಜೆಗೆ ಬಂದಿದ್ದ. ಮನೆಯಲ್ಲಿ ಮದುವೆ ಊಟ, ನೆಂಟರ ಮನೆ ಎಲ್ಲ ಮುಗಿದ ಮೇಲೆ, "ಕರಾವಳಿ ಒಂದ್ಸಲ ನೋಡ್ಕಂಡು ಬಪ್ಪನ ಮಾವಾ" ಎಂದ. ನನಗೂ ಅದೇ ಬೇಕಿತ್ತು. ಅಂಕೋಲೆಯ ಅಲಗೇರಿಯಲ್ಲಿ ವಿಮಾನ ನಿಲ್ದಾಣ ಬರುತ್ತದೆ ಎಂಬ ಮಾತು ನಮ್ಮ ಜಿಲ್ಲೆಯಲ್ಲಿ ಎಲ್ಲರ ಬಾಯಲ್ಲೂ ಇದೆ. ಇವನು ವಾಸ ಮಾಡುವುದೇ ವಿಮಾನ ನಿಲ್ದಾಣವನ್ನು ನಂಬಿಕೊಂಡು ಕಾಗದದ ಮೇಲೆ ಗೆರೆ ಎಳೆದು ಕಟ್ಟಿದ ಊರಿನಲ್ಲಿ. ಅಂಥವನನ್ನು ಜೊತೆಗಿಟ್ಟುಕೊಂಡು ನಮ್ಮ ಕರಾವಳಿ ನೋಡಬೇಕು ಅನ್ನಿಸಿತು.

ಮಾದನಗೇರಿಯಲ್ಲಿ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿದೆವು. ಸಾಣಿಕಟ್ಟಾದ ಉಪ್ಪಿನ ಆಗರಗಳನ್ನು ನೋಡಿಕೊಂಡು ತದಡಿಗೆ ಹೋದೆವು. ಆಗ ಇಳಿತದ ಹೊತ್ತು. ಅಘನಾಶಿನಿ ನದಿ ಸಮುದ್ರ ಸೇರುವ ಜಾಗದಲ್ಲಿ ನೀರು ಹಿಂದೆ ಸರಿದು ಕಪ್ಪು ಕೆಸರು ತೆರೆದುಕೊಂಡಿತ್ತು. ಅದರಾಚೆ ಸೊಂಟದ ಮಟ್ಟದ ನೀರಲ್ಲಿ ಹೆಂಗಸರು ಬೆಳಚು, ಅಂದರೆ ಕೆಸರಲ್ಲಿ ಸಿಗುವ ಚಿಪ್ಪುಮೀನು, ಹೆಕ್ಕುತ್ತಿದ್ದರು.

ಅವರ ಕೆಲಸವನ್ನು ಹತ್ತಿರದಿಂದ ನೋಡಬೇಕು. ಕಣ್ಣಿಗೆ ಏನೂ ಕಾಣದ ನೀರು ಅದು. ಕಾಲಿನ ಹಿಮ್ಮಡಿಯಿಂದ ಕೆಸರನ್ನು ಮೆಲ್ಲಗೆ ತಿರುವುತ್ತಾರೆ. ಗಟ್ಟಿಯಾದದ್ದು ಸಿಕ್ಕರೆ ಕಾಲ್ಬೆರಳಲ್ಲೇ ಅಂದಾಜು ಮಾಡುತ್ತಾರೆ, ಕಲ್ಲೋ ಬೆಳಚೋ ಅಂತ. ಬೆಳಚಾದರೆ ಬಗ್ಗಿ ಎತ್ತಿಕೊಳ್ಳುತ್ತಾರೆ. ಸಣ್ಣದನ್ನು ಅಲ್ಲೇ ಬಿಡುತ್ತಾರೆ. ಸೊಂಟಕ್ಕೆ ಹಗ್ಗ ಕಟ್ಟಿದ ಅಲ್ಯುಮಿನಿಯಂ ಪಾತ್ರೆ ಪಕ್ಕದಲ್ಲೇ ತೇಲುತ್ತಿರುತ್ತದೆ, ಹೆಕ್ಕಿದ್ದೆಲ್ಲ ಅದರೊಳಗೆ. ದಡಕ್ಕೆ ಬಂದ ಒಬ್ಬ ಅಕ್ಕನ ಪಾತ್ರೆ ಮುಕ್ಕಾಲು ತುಂಬಿತ್ತು. "ಭರ್ತಿ ಬರೂ ಮೊದ್ಲೆ ಮುಗಿಸ್ಬೇಕು ನೋಡಿ. ನೀರು ಏರ್ದ್ರೆ ಇವತ್ತಿಂದು ಆಯ್ತು" ಎಂದರು. ಗಡಿಯಾರ ಅವರ ಕೈಯಲ್ಲಿ ಇರಲಿಲ್ಲ. ಕೆಲಸದ ಹೊತ್ತು ದಿನಾ ಸ್ವಲ್ಪ ಮುಂದೆ ಮುಂದೆ ಹೋಗುತ್ತದೆ, ಅದು ಅವರಿಗೆ ಬಾಯಿಪಾಠ.

ಅಳಿಯ ತುಂಬಾ ಹೊತ್ತು ನೋಡಿದ. ಆಮೇಲೆ, "ಅಲ್ಲೂ ಮೊದ್ಲು ಹೀಂಗೇ ಇತ್ತಡ ಮಾವಾ" ಎಂದ.

ಸಾಂಗ್ಡೊ ಇರುವುದು ಇಂಚಾನ್ ನಗರದ ಸಮುದ್ರ ದಡದಲ್ಲಿ. ದಡದಲ್ಲಿ ಅನ್ನುವುದಕ್ಕಿಂತ ಸಮುದ್ರದ ಜಾಗದಲ್ಲೇ ಇದೆ ಎನ್ನಬೇಕು. ಹಳದಿ ಸಮುದ್ರದ ಆ ಭಾಗದಲ್ಲಿ ಉಬ್ಬರ ಇಳಿತದ ಅಂತರ ಒಂಬತ್ತು ಮೀಟರ್‌ವರೆಗೂ ಹೋಗುತ್ತದೆ. ನಮ್ಮಲ್ಲಿ ಎರಡು ಮೀಟರ್ ಆಸುಪಾಸು ಅಷ್ಟೇ. ಹಾಗಾಗಿ ಅಲ್ಲಿ ನೀರು ಇಳಿದರೆ ಮೈಲುಗಟ್ಟಲೆ ಕೆಸರು ಬಯಲು. ಊರಿನ ಜನ ಅಲ್ಲಿಯೂ ಚಿಪ್ಪುಮೀನು ಹೆಕ್ಕಿ ಬದುಕುತ್ತಿದ್ದರು. 1994ರಲ್ಲಿ ಆ ಕೆಸರು ತುಂಬುವ ಕೆಲಸ ಶುರುವಾಯಿತು. ಕಟ್ಟೆ ಹಾಕಿ, ಒಳಗೆ ಮರಳು ಸುರಿದು ಹೊಸ ನೆಲ ಮಾಡಿದರು. ಎದುರಿಗೆ ಯೊಂಗ್‌ಜೊಂಗ್ ಮತ್ತು ಯೊಂಗ್ಯು ಎಂಬ ದ್ವೀಪಗಳ ನಡುವಿನ ಕೆಸರನ್ನೂ ತುಂಬಿ ಇಂಚಾನ್ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಕಟ್ಟಿದರು. ಅದು 2001ರ ಮಾರ್ಚ್‌ನಲ್ಲಿ ತೆರೆಯಿತು. 2009ರಲ್ಲಿ ಊರಿಗೂ ವಿಮಾನ ನಿಲ್ದಾಣಕ್ಕೂ ಸಮುದ್ರದ ಮೇಲೆ 21 ಕಿಲೋಮೀಟರ್ ಉದ್ದದ ಸೇತುವೆ ಬಂತು. ಮನೆಯಿಂದ ಹೊರಟರೆ ಇಪ್ಪತ್ತು ನಿಮಿಷದಲ್ಲಿ ಏರ್‌ಪೋರ್ಟ್ ಅಂತ ಅಳಿಯ ಹೇಳುತ್ತಾನೆ.

"ಹೆಕ್ತಾ ಇದ್ದವರು ಎಲ್ಲಿಗೆ ಹೋದ್ರು?" ಕೇಳಿದೆ.

ಕೆಲವರಿಗೆ ಪರಿಹಾರ ಅಂತ ಹೊಸ ನೆಲದಲ್ಲೇ ಸೈಟಿನ ಹಕ್ಕು ಕೊಟ್ಟರಂತೆ. ಅವನ ಜೊತೆ ಕೆಲಸ ಮಾಡುವ ಒಬ್ಬಳ ಅಜ್ಜಿ ಅಂಥವರಲ್ಲಿ ಒಬ್ಬರು. ಹಣ ಬಂತು, ಮನೆ ಚೆನ್ನಾಗಾಯಿತು, ಮೊಮ್ಮಗಳು ಓದಿದಳು. ಆದರೆ ಆ ಅಜ್ಜಿಗೆ ಕೈಗೆ ಕೆಲಸ ಇಲ್ಲದ್ದೇ ದೊಡ್ಡ ಬೇಜಾರಾಗಿತ್ತಂತೆ.

ತುಂಬದೆ ಉಳಿದ ಸ್ವಲ್ಪ ಕೆಸರು ಬಯಲಿಗೆ 2014ರಲ್ಲಿ ರಾಮ್ಸರ್ ಮಾನ್ಯತೆ ಸಿಕ್ಕಿತು, ಅಂದರೆ ಜೌಗು ನೆಲಗಳನ್ನು ಕಾಪಾಡುವ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿತು. ಜಗತ್ತಿನಲ್ಲೇ ಅಪರೂಪದ ಕಪ್ಪು ಮುಖದ ಚಮಚಕೊಕ್ಕು ಅಲ್ಲಿ ಮರಿ ಮಾಡುತ್ತದೆ. ನಾವು ನಿಂತಿದ್ದ ಅಘನಾಶಿನಿ ಅಳಿವೆಗೂ 2024ರ ಜನವರಿಯಲ್ಲಿ ರಾಮ್ಸರ್ ಮಾನ್ಯತೆ ಬಂದಿದೆ. ಸುಮಾರು 4,800 ಹೆಕ್ಟೇರ್. ಅವರಿಗೆ ತುಂಬಿದ ಮೇಲೆ ಉಳಿದ ಚೂರಿಗೆ ಬಂತು, ನಮಗೆ ಇಡೀ ಅಳಿವೆ ಇರುವಾಗಲೇ ಬಂತು. ಇದೇ ತದಡಿಯಲ್ಲಿ ಉಷ್ಣ ವಿದ್ಯುತ್ ಸ್ಥಾವರದ ಮಾತು ಬಂದಿತ್ತು, ದೊಡ್ಡ ಬಂದರಿನ ಮಾತೂ ಬಂದಿತ್ತು. ಜನ ಗಟ್ಟಿಯಾಗಿ ನಿಂತು ಬೇಡ ಅಂದಿದ್ದಕ್ಕೇ ಇವತ್ತು ಆ ಅಕ್ಕನ ಪಾತ್ರೆ ತುಂಬುತ್ತಿದೆ. ನನಗೆ ಅವರ ಬಗ್ಗೆ ದೊಡ್ಡ ಗೌರವ ಇದೆ.

ಸಂಜೆ ದಡದ ಗಜನಿ ಗದ್ದೆಗಳ ಕಡೆ ನಡೆದೆವು. ಉಪ್ಪು ನೀರು ತಡೆಯುವ ಕಗ್ಗ ಭತ್ತ ಕೊಯ್ದು ಮುಗಿದಿತ್ತು. ಕೊಯ್ದ ಮೇಲೆ ಜಂತ್ರಡಿಯ, ಅಂದರೆ ಕಟ್ಟೆಯಲ್ಲಿ ನೀರು ಬಿಡುವ ತೂಬಿನ, ಹಲಗೆ ಎತ್ತಿ ಉಪ್ಪು ನೀರು ಒಳಗೆ ಬಿಡುತ್ತಾರೆ. ಅದರ ಜೊತೆ ಸಿಗಡಿ, ಮೀನು ಬರುತ್ತವೆ. ಮಳೆಗಾಲದಲ್ಲಿ ಅದೇ ಹಲಗೆ ಇಳಿಸಿ ಉಪ್ಪು ನೀರನ್ನು ಹೊರಗಿಡುತ್ತಾರೆ. ಒಂದೇ ನೆಲದಲ್ಲಿ ಅರ್ಧ ವರ್ಷ ಅಕ್ಕಿ, ಅರ್ಧ ವರ್ಷ ಮೀನು. ಇದೂ ಪ್ಲಾನ್ ಮಾಡಿ ಕಟ್ಟಿದ್ದೇ ಅಲ್ವಾ? ಎಂಜಿನಿಯರ್ ಸಹಿ ಇಲ್ಲ, ಅಷ್ಟೇ ವ್ಯತ್ಯಾಸ.

ರಾತ್ರಿ ಗೋಕರ್ಣದಲ್ಲಿ ಉಳಿದೆವು.

ಶನಿವಾರ: ಶಿರೂರು, ಅಲಗೇರಿ, ಬೇಲೆಕೇರಿ

ಬೆಳಿಗ್ಗೆ ಹೆದ್ದಾರಿಗೆ ಬಂದು ಅಂಕೋಲೆಯ ಕಡೆ ಹೊರಟೆವು. ಶಿರೂರಿನಲ್ಲಿ ಕಾರು ನಿಧಾನ ಮಾಡಲು ಹೇಳಿದೆ. 2024ರ ಜುಲೈ 16ರ ಬೆಳಿಗ್ಗೆ ಇಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿಂದ ಗಂಗಾವಳಿ ನದಿಗೆ ಹೋಯಿತು. ಹನ್ನೊಂದು ಜನರನ್ನು ಕಳೆದುಕೊಂಡೆವು. ರಸ್ತೆ ಬದಿಯ ಚಹಾ ಅಂಗಡಿಯ ಸಂಸಾರವೇ ಹೋಯಿತು. ಮಣ್ಣು ಬಿದ್ದ ರಭಸಕ್ಕೆ ನದಿಯ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೆ ಬಡಿಯಿತು. ರಸ್ತೆ ಅಗಲಕ್ಕೆ ಗುಡ್ಡದ ಬುಡ ಕತ್ತರಿಸಿದ್ದರು, ಮೇಲಿಂದ ಬಿಡದೆ ಮಳೆ. ಇಲ್ಲಿ ಸುಮ್ನೆ ದಾಟಿಕೊಂಡು ಹೋಗುವುದು ನನ್ನಿಂದ ಆಗುವುದಿಲ್ಲ. ಕರಾವಳಿಯಲ್ಲಿ ಏನೇ ಕಟ್ಟಬೇಕಾದರೂ ಮೊದಲು ಇಲ್ಲಿ ನಿಂತು ಗುಡ್ಡವನ್ನೂ ನದಿಯನ್ನೂ ನೋಡಿ ಮುಂದೆ ಹೋಗಬೇಕು.

ಅಂಕೋಲಾ ಪೇಟೆಯಲ್ಲಿ ಚಹಾ ಕುಡಿದು ಅಲಗೇರಿಗೆ ಹೋದೆವು. ನೌಕಾಪಡೆಯ ವಿಮಾನ ನಿಲ್ದಾಣಕ್ಕೆ ಗೊತ್ತಾದ ಜಾಗ ಇದು. ಅದಕ್ಕೆ ಸೇರಿಕೊಂಡಂತೆ ಜನರ ವಿಮಾನಕ್ಕೂ ಒಂದು ಟರ್ಮಿನಲ್ ಎನ್ನುವುದು ಲೆಕ್ಕ. ಗೋವಾದ ದಾಬೋಳಿಯಲ್ಲಿ ಇರುವುದೂ ಇದೇ ವ್ಯವಸ್ಥೆ. ಅಲ್ಲಿ ನೆಲ ನೌಕಾಪಡೆಯದು, ಒಂದು ಬದಿಯಲ್ಲಿ ನಾವು ಹತ್ತಿ ಇಳಿಯುತ್ತೇವೆ.

ಊರಿನ ಒಳಗೆ ಹೋದರೆ ಈಶಾಡ ಮಾವಿನ ಮರಗಳು, ತೆಂಗು, ಗದ್ದೆ. ಅಂಕೋಲೆಯ ಕರಿ ಈಶಾಡಿಗೆ 2023ರಲ್ಲಿ ಜಿಐ, ಅಂದರೆ ಇಂಥ ಊರಿನದೇ ಬೆಳೆ ಎಂಬ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಹಣ್ಣು ತುಂಬಾ ದಿನ ಇಟ್ಟರೆ ಉಳಿಯುವುದಿಲ್ಲ. ಮೇ ತಿಂಗಳಲ್ಲಿ ಹೆದ್ದಾರಿ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಹಾಲಕ್ಕಿ ಹೆಂಗಸರು ಮಾರುತ್ತಾರೆ. ವೃಕ್ಷಮಾತೆ ತುಳಸಿ ಗೌಡರೂ ಹಾಡಿನ ಅಜ್ಜಿ ಸುಕ್ರಿ ಬೊಮ್ಮಗೌಡರೂ ಇದೇ ಅಂಕೋಲಾ ತಾಲೂಕಿನವರು. ಇಬ್ಬರಿಗೂ ಪದ್ಮಶ್ರೀ ಬಂದಿತ್ತು. 2024ರ ಡಿಸೆಂಬರ್‌ನಲ್ಲಿ ಒಬ್ಬರು, 2025ರ ಫೆಬ್ರವರಿಯಲ್ಲಿ ಇನ್ನೊಬ್ಬರು ಹೋದರು. ಈ ತಾಲೂಕಿನ ನೆಲದ ಲೆಕ್ಕ ಬರೆಯುವಾಗ ಸರ್ವೆ ನಂಬರಿನ ಜೊತೆ ಇಂಥವರ ಹೆಸರೂ ನೆನಪಿರಲಿ ಅನ್ನಿಸುತ್ತದೆ ನನಗೆ.

ಪರಿಚಯದವರ ಮೂಲಕ ಒಬ್ಬ ಹಿರಿಯ ಗೌಡರು ಸಿಕ್ಕರು. ಜಗಲಿಯ ಮೇಲೆ ಕೂರಿಸಿ ಎಳನೀರು ಕೊಟ್ಟರು. ಅಳಿಯ ಸಾಂಗ್ಡೊದ ಫೋಟೊಗಳನ್ನು ಮೊಬೈಲಿನಲ್ಲಿ ತೋರಿಸಿದ. 305 ಮೀಟರ್ ಎತ್ತರದ ಗೋಪುರ. ಊರಿನ ನಡುವೆ 40 ಹೆಕ್ಟೇರ್ ಪಾರ್ಕು, ಅದರೊಳಗೆ ಸಮುದ್ರದ ನೀರು ತಂದ ಕಾಲುವೆ, ಅದರಲ್ಲಿ ಸಣ್ಣ ದೋಣಿಗಳು. ಮನೆ ಮನೆಯ ಕಸ ನೆಲದಡಿಯ ಕೊಳವೆಯಲ್ಲಿ ಗಾಳಿಯ ಎಳೆತಕ್ಕೆ ಹೋಗುತ್ತದೆ, ಕಸದ ಲಾರಿ ಬೀದಿಗೆ ಬರುವ ಕೆಲಸ ಕಡಿಮೆ. ಗೌಡರು ಒಂದೊಂದೂ ನಿಧಾನ ನೋಡಿದರು. ಕಸದ ಕೊಳವೆ ಅವರಿಗೆ ತುಂಬಾ ಹಿಡಿಸಿತು. "ಇದು ಮಾತ್ರ ನಮ್ಮ ಪ್ಯಾಟಿಗೂ ಆಗ್ಬೇಕು ಹೆಗಡೇರೆ" ಎಂದರು. ಆಮೇಲೆ ಒಂದು ಪ್ರಶ್ನೆ ಕೇಳಿದರು.

"ಮಳಿ ನೀರು ಎಲ್ಲಿಂದ ಹೋಗ್ತದೆ?"

ಅಳಿಯ ಉತ್ತರ ಕೊಡುವ ಮೊದಲು ನಮ್ಮನ್ನು ಎಬ್ಬಿಸಿ ಮನೆಯ ಹಿಂದಕ್ಕೆ ಕರೆದುಕೊಂಡು ಹೋದರು. ಪೂರ್ವಕ್ಕೆ ಗುಡ್ಡ. ಪಶ್ಚಿಮಕ್ಕೆ ಸಮುದ್ರ. ನಡುವೆ ಇರುವುದು ಇಷ್ಟೇ ಇಷ್ಟು ಮಟ್ಟಸ ನೆಲ. ಗುಡ್ಡದ ಮೇಲೆ ಬಿದ್ದ ಮಳೆಯೆಲ್ಲ ಈ ನೆಲ ದಾಟಿಯೇ ಸಮುದ್ರ ಸೇರಬೇಕು. ಅವರ ತೋಟದ ಅಂಚಿನಲ್ಲಿ ಒಣಗಿದ ಹಳ್ಳ ಇತ್ತು. ಈಗ ಒಂದು ಹೆಜ್ಜೆಯಲ್ಲಿ ದಾಟಬಹುದು. ಕಲ್ಲು ಕಟ್ಟಿದ ದಂಡೆಯಲ್ಲಿ ನನ್ನ ಎದೆಯ ಮಟ್ಟಕ್ಕೆ ಕೆಸರಿನ ಗುರುತು ಕಾಣುತ್ತಿತ್ತು. ಹಿಂದಿನ ಮಳೆಗಾಲದ ನೀರು ಬಂದ ಮಟ್ಟ ಅದು. ಗೌಡರು ಆ ಗುರುತಿನ ಮೇಲೆ ಕೈ ಇಟ್ಟು ತೋರಿಸಿದರು. ಆಮೇಲೆ ಹಳ್ಳ ಹೋಗುವ ದಿಕ್ಕಿಗೆ ಕೈ ಚಾಚಿದರು. ಆ ದಿಕ್ಕಿನಲ್ಲೇ ರನ್‌ವೇ ಬರಬೇಕು.

ಇಂಚಾನಿನಲ್ಲಿ ವರ್ಷಕ್ಕೆ 1,200 ಮಿಲಿಮೀಟರ್ ಆಸುಪಾಸು ಮಳೆ. ನಮ್ಮ ಕರಾವಳಿಯಲ್ಲಿ 3,000 ದಾಟುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ರನ್‌ವೇ ಅಂದರೆ ಎರಡೂವರೆ, ಮೂರು ಕಿಲೋಮೀಟರ್ ಉದ್ದದ ಏರುತಗ್ಗಿಲ್ಲದ ಗಟ್ಟಿ ನೆಲ. ಒಂದು ಹನಿ ನೀರನ್ನೂ ಅದು ಕುಡಿಯುವುದಿಲ್ಲ. ಗುಡ್ಡದ ನೀರಿಗೆ ಅದರ ಅಡಿಯಿಂದ ದಾರಿ ಬಿಡಬೇಕು, ಇಲ್ಲ ಸುತ್ತಿ ಬಳಸಿ ಕಳಿಸಬೇಕು. ಅದರ ಜೊತೆಗೆ ಅದೇ ನೆಲದಲ್ಲಿ ಹೋಟೆಲು, ಗೋದಾಮು, ಲೇಔಟು ಎಲ್ಲ ಬಂದರೆ ಹಳ್ಳ ಎಲ್ಲಿಗೆ ಹೋಗಬೇಕು? ಗೌಡರ ಪ್ರಶ್ನೆ ಇಡೀ ಪ್ರವಾಸದಲ್ಲಿ ನನ್ನ ತಲೆಯಿಂದ ಹೋಗಲಿಲ್ಲ.

ವಿಮಾನ ನಿಲ್ದಾಣ ಬೇಡ ಅನ್ನುವವನು ನಾನಲ್ಲ. ಇವತ್ತು ಕಾರವಾರದವರು ವಿಮಾನ ಹತ್ತಬೇಕಾದರೆ ಗೋವಾಕ್ಕೆ ಹೋಗಬೇಕು, ಇಲ್ಲ ಘಟ್ಟ ಹತ್ತಿ ಹುಬ್ಬಳ್ಳಿಗೆ. ಜಿಲ್ಲೆಯಲ್ಲಿ ದೊಡ್ಡ ಕಾಯಿಲೆ ಬಂದರೆ ಮಂಗಳೂರಿಗೋ ಮಣಿಪಾಲಕ್ಕೋ ಗೋವಾಕ್ಕೋ ಆಂಬುಲೆನ್ಸಿನಲ್ಲಿ ಗಂಟೆಗಟ್ಟಲೆ ಓಡಬೇಕು. ಆ ದಾರಿಯ ಕಷ್ಟ ಈ ಜಿಲ್ಲೆಯ ಪ್ರತಿ ಮನೆಗೂ ಗೊತ್ತು. ವಿಮಾನ ಬರಲಿ. ಅದರ ಸುತ್ತ ಊರು ಬೆಳೆಯುವುದನ್ನೂ ಯಾರೂ ತಡೆಯಲಾರರು. ಅಲಗೇರಿಯಿಂದ ಬೇಲೆಕೇರಿಗೆ ಹೋಗುವ ದಾರಿಯಲ್ಲೇ ಬಿನ್‌ಶೇತ್ಕಿ ಆದ, ಅಂದರೆ ಕೃಷಿಯಿಂದ ಬೇರೆ ಬಳಕೆಗೆ ಬದಲಾದ, ಸೈಟು ಇದೆ ಎನ್ನುವ ಮಾತು ಕಿವಿಗೆ ಬಿತ್ತು. ಸೈಟು ಮೊದಲು ಮಾರಾಟವಾಗಿ ಪ್ಲಾನು ಆಮೇಲೆ ಬಂದರೆ ಹಳ್ಳದ ಮೇಲೆಯೇ ಮನೆ ಏಳುತ್ತದೆ. ನನ್ನ ಚಿಂತೆ ಅದೇ.

ಬೇಲೆಕೇರಿಯ ದಡದಲ್ಲಿ ತಾರ್ಲೆ ಮೀನು ಒಣಗಲು ಹಾಕಿದ್ದರು. ಮೇಲೆ ಹದ್ದುಗಳು ಸುತ್ತುತ್ತಿದ್ದವು. ಅಳಿಯ ಅದನ್ನು ನೋಡಿ, "ಇದೊಂದು ದೊಡ್ಡ ವಿಷಯ ಆಗ್ತು ಮಾವಾ" ಎಂದ. ವಿಮಾನಕ್ಕೆ ಹಕ್ಕಿ ಬಡಿದರೆ ಅಪಾಯ. ಅದಕ್ಕೇ ವಿಮಾನ ನಿಲ್ದಾಣದಿಂದ 10 ಕಿಲೋಮೀಟರ್ ಒಳಗೆ ಬಯಲಲ್ಲಿ ಕಸ ಸುರಿಯಬಾರದು, ಪ್ರಾಣಿ ಕಡಿದು ತ್ಯಾಜ್ಯ ಎಸೆಯಬಾರದು ಎಂಬ ನಿಯಮ ನಮ್ಮ ದೇಶದಲ್ಲಿದೆ. ಮೀನು ಒಣಗಿಸಿ ಬದುಕುವ ಊರುಗಳ ನಡುವೆ ರನ್‌ವೇ ಬಂದರೆ ಆ ಹೆಂಗಸರಿಗೆ ಬಲೆ ಹೊದಿಸಿದ ಒಣಗಿಸುವ ಅಂಗಳವೋ ಸೋಲಾರ್ ಶೆಡ್ಡೋ ಮೊದಲೇ ಕಟ್ಟಿ ಕೊಡಬೇಕು. ವಿಮಾನ ಹಾರಲು ಶುರುವಾದ ಮೇಲೆ ಪೊಲೀಸರನ್ನು ಕಳಿಸಿ ಎಬ್ಬಿಸುವಂತೆ ಆಗಬಾರದು. ಪಕ್ಕದ ಕೇಣಿಯಲ್ಲಿ ಬಂದರು ಬೇಡ ಎಂದು ಮೀನುಗಾರರು ಬೀದಿಗಿಳಿದಿದ್ದೂ ಇಂಥದ್ದೇ ಭಯದಿಂದ.

ಏರ್‌ಪೋರ್ಟ್ ಊರಿನ ಲೆಕ್ಕವನ್ನು ಅಳಿಯ ವಿವರಿಸಿದ್ದು ಇಲ್ಲೇ, ದಡದಲ್ಲಿ ಮಗುಚಿ ಹಾಕಿದ ದೋಣಿಗೆ ಒರಗಿಕೊಂಡು. ಅಮೆರಿಕದ ಜಾನ್ ಕಸಾರ್ಡ ಎಂಬ ಪ್ರೊಫೆಸರ್ ಈ ವಿಚಾರವನ್ನು ಜಗತ್ತಿಗೆಲ್ಲ ಹೇಳಿದವರು. ಹಿಂದೆ ಊರುಗಳು ಬಂದರಿನ ಸುತ್ತ ಬೆಳೆದವು, ಆಮೇಲೆ ರೈಲಿನ ಸುತ್ತ, ಹೆದ್ದಾರಿಯ ಸುತ್ತ. ಇನ್ನು ವಿಮಾನದ ಸುತ್ತ ಎನ್ನುವುದು ಅವರ ಮಾತು. ಬೇಗ ತಲುಪಬೇಕಾದ, ತೂಕ ಕಡಿಮೆ ಬೆಲೆ ಜಾಸ್ತಿ ಇರುವ ಸರಕು ವಿಮಾನದಲ್ಲಿ ಹೋಗುತ್ತದೆ. ಸಾಂಗ್ಡೊದಲ್ಲಿ ಔಷಧ ಕಂಪನಿಗಳು ಬೆಳೆದದ್ದಕ್ಕೆ ಅದೂ ಒಂದು ಕಾರಣ. ಅವರು ಮಾಡುವ ಔಷಧ ತಣ್ಣಗೇ ಇರಬೇಕು, ಬೇಗ ಹೋಗಬೇಕು.

ನಮ್ಮಲ್ಲಿ ಏನಿದೆ ಎಂದು ಇಬ್ಬರೂ ಲೆಕ್ಕ ಹಾಕಿದೆವು. ಶಿರಸಿ ಅಡಿಕೆಗೆ ಅವಸರ ಇಲ್ಲ, ಲಾರಿಯಲ್ಲಿ ಹೋದರೆ ಸಾಕು. ಕಾಳುಮೆಣಸಿಗೂ ಇಲ್ಲ. ಅವಸರ ಇರುವುದು ಮೀನಿಗೆ, ಸಿಗಡಿಗೆ, ಭಟ್ಕಳದ ಮಲ್ಲಿಗೆಗೆ, ಈಶಾಡ ಹಣ್ಣಿಗೆ. ಇವನ್ನು ಬೆಳೆಯುವವರೂ ಹಿಡಿಯುವವರೂ ಹೆಚ್ಚಾಗಿ ಸಣ್ಣ ಕೈಗಳು. ಟರ್ಮಿನಲ್ ಪಕ್ಕ ಒಂದು ತಂಪು ಗೋದಾಮು ಕಟ್ಟಿ ಅದನ್ನು ಮೀನುಗಾರರ ಮತ್ತು ರೈತರ ಸಹಕಾರಿ ಸಂಘಗಳ ಕೈಗೆ ಕೊಟ್ಟರೆ ಈ ಜಿಲ್ಲೆಗೆ ಅದರಷ್ಟು ಉಪಕಾರ ಬೇರೆ ಇಲ್ಲ. ಶಿರಸಿಯಲ್ಲಿ 1923ರಲ್ಲೇ ತೋಟಗಾರರು ಸೇರಿ ಸಹಕಾರಿ ಮಾರಾಟ ಸಂಘ ಕಟ್ಟಿದ್ದಾರೆ. ಸಂಘ ಕಟ್ಟುವುದು ನಮಗೆ ಹೊಸದೇನಲ್ಲ.

ರವಿವಾರ: ಅರಗಾ, ತೋಡೂರು, ಕಾರವಾರ

ಅಂಕೋಲೆಯಿಂದ ಕಾರವಾರಕ್ಕೆ ಹೋಗುವಾಗ ಎಡಕ್ಕೆ ಮೈಲುಗಟ್ಟಲೆ ಗೋಡೆ, ತಂತಿ ಬೇಲಿ. ಅದರಾಚೆ ಕದಂಬ ನೌಕಾನೆಲೆ. 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು. 2005ರ ಮೇ 31ರಂದು ನೆಲೆ ಶುರುವಾಯಿತು. 11,000ಕ್ಕೂ ಹೆಚ್ಚು ಎಕರೆ, ಸುಮಾರು 26 ಕಿಲೋಮೀಟರ್ ಸಮುದ್ರ ದಡ. ಒಳಗೆ ಅದೇ ಒಂದು ಊರು. ಕ್ವಾರ್ಟರ್ಸು, ಆಸ್ಪತ್ರೆ, ಶಾಲೆ, ಅಗಲ ರಸ್ತೆ ಎಲ್ಲ ಇದೆ. ದೇಶಕ್ಕೆ ಇದು ಬೇಕಿತ್ತು, ಆ ಬಗ್ಗೆ ಈ ಕಡೆಯ ಯಾರೂ ತಕರಾರು ಮಾಡುವುದಿಲ್ಲ. ಆದರೆ ಇದಕ್ಕಾಗಿ 13 ಹಳ್ಳಿಗಳ 4,000ಕ್ಕೂ ಹೆಚ್ಚು ಸಂಸಾರಗಳು ಎದ್ದು ಹೋದವು. ಈ ನೌಕಾನೆಲೆ ಯೋಜನೆಯ ಹೆಸರು ಸೀಬರ್ಡ್, ಹಾಗಾಗಿ ಅವರನ್ನು ಇವತ್ತಿಗೂ ಸೀಬರ್ಡ್ ನಿರಾಶ್ರಿತರು ಎಂದೇ ಕರೆಯುತ್ತಾರೆ.

ತೋಡೂರಿನ ಕಾಲನಿಗೆ ಹೋದೆವು. ಇದೂ ಪ್ಲಾನ್ ಮಾಡಿದ ಊರೇ. ನೇರ ಬೀದಿಗಳು, ಒಂದೇ ಅಳತೆಯ ಸೈಟುಗಳು. ಒಬ್ಬ ಮೀನುಗಾರರ ಮನೆಯ ಅಂಗಳದಲ್ಲಿ ಬಲೆ ರಾಶಿ ಹಾಕಿತ್ತು. ಹಳೆಯ ಊರಿನಲ್ಲಿ ಮನೆಯಿಂದ ದೋಣಿ ಕಾಣುತ್ತಿತ್ತು, ರಾತ್ರಿ ಗಾಳಿ ಎದ್ದರೆ ಎದ್ದು ಹೋಗಿ ಹಗ್ಗ ಬಿಗಿ ಮಾಡುತ್ತಿದ್ದೆವು ಎಂದರು. ಪರಿಹಾರದ ಕೇಸುಗಳು ಎಷ್ಟೋ ವರ್ಷ ಕೋರ್ಟಿನಲ್ಲಿ ನಡೆದವು. ಹೆಚ್ಚಿನ ಪರಿಹಾರದ ಹಣ ಬರುವ ಹೊತ್ತಿಗೆ ಅಪ್ಪನ ಹೆಸರಲ್ಲಿ ಇದ್ದದ್ದು ಮಕ್ಕಳು ಮೊಮ್ಮಕ್ಕಳಿಗೆ ಹಂಚಿಕೆ ಆಗುವಂತಾಗಿತ್ತು. ಅವರ ಮಾತಿನಲ್ಲಿ ಸಿಟ್ಟು ಇರಲಿಲ್ಲ. ನನಗೆ ಮಾತ್ರ ಸಿಟ್ಟು ಬಂತು. ಅಲಗೇರಿಯವರಿಗೆ ಇದು ಆಗಬಾರದು. ಹಣ ಮೊದಲು, ಮನೆ ಮೊದಲು, ಎಬ್ಬಿಸುವುದು ಆಮೇಲೆ.

ಅರಗಾ, ಚೆಂಡಿಯಾ ಭಾಗದಲ್ಲಿ ಈಚಿನ ಮಳೆಗಾಲಗಳಲ್ಲಿ ಹೆದ್ದಾರಿಯ ಮೇಲೆ, ಮನೆಗಳ ಒಳಗೆ ನೀರು ನಿಲ್ಲುತ್ತಿದೆ. ಇಲ್ಲಿಯೂ ಗುಡ್ಡ ಪಕ್ಕದಲ್ಲೇ, ಸಮುದ್ರ ಪಕ್ಕದಲ್ಲೇ. ಅಳಿಯ ಗೌಡರ ಪ್ರಶ್ನೆಯನ್ನೇ ತಿರುಗಿ ಹೇಳಿದ.

ಮಧ್ಯಾಹ್ನದ ಒಳಗೆ ಕಾರವಾರದ ರವಿವಾರದ ಸಂತೆಗೆ ತಲುಪಿದೆವು. ಈ ಸಂತೆ ನೋಡಲೆಂದೇ ನಾನು ದಿನ ಗೊತ್ತು ಮಾಡಿದ್ದು. ರಸ್ತೆಯ ಎರಡೂ ಬದಿಗೆ ಅಂಕೋಲೆ ಕಡೆಯ ಹೆಂಗಸರು, ಮುಂದೆ ಗೋಣಿಚೀಲ ಹಾಸಿ. ಬಸಳೆ, ಹರಿವೆ, ಮೂಲಂಗಿ, ಬಾಳೆಕಾಯಿ, ಒಂದು ಬುಟ್ಟಿ ಅಬ್ಬಲಿಗೆ ಹೂವು. ಕರಿಮಣಿಯ ರಾಶಿ ಕೊರಳಲ್ಲಿ ಹಾಕಿಕೊಂಡ ಒಬ್ಬ ಹಾಲಕ್ಕಿ ಅಜ್ಜಿ ಹರಿವೆ ಕಟ್ಟನ್ನು ಬಾಳೆನಾರಿನಲ್ಲಿ ಕಟ್ಟಿ ಇಟ್ಟಿದ್ದರು. ಬೇರಿನ ಮಣ್ಣು ಇನ್ನೂ ಒದ್ದೆ ಇತ್ತು. ಬೆಳಗಿನ ಮೊದಲ ಬಸ್ಸಿಗೆ ಬಂದಿದ್ದಾರೆ, ಕೊನೆಯ ಕಟ್ಟು ಹೋದ ಮೇಲೆ ಹೊರಡುತ್ತಾರೆ. ಅಂಗಡಿ ಬಾಡಿಗೆ ಕೊಡುವ ತಾಕತ್ತು ಅವರಿಗಿಲ್ಲ. ಬೀದಿಯಲ್ಲಿ ಕೂರಲು ಎರಡು ಮೊಳ ಜಾಗ ಇದ್ದರೆ ಸಾಕು.

"ನಿಮ್ಮಲ್ಲಿ ಇವರು ಎಲ್ಲಿ ಕೂತ್ಕತ್ತ?" ಅಳಿಯನನ್ನು ಕೇಳಿದೆ.

ಸಾಂಗ್ಡೊದ ಬೀದಿಗಳು ಶುರುವಿನ ವರ್ಷಗಳಲ್ಲಿ ಖಾಲಿ ಖಾಲಿ ಕಾಣುತ್ತಿದ್ದವಂತೆ. ರಸ್ತೆ ತೀರಾ ಅಗಲ, ಕಟ್ಟಡ ತೀರಾ ಎತ್ತರ, ಜನ ಕಡಿಮೆ. ಈಗ ಎರಡು ಲಕ್ಷದ ಆಸುಪಾಸು ಜನ ಇದ್ದಾರೆ, ಮಕ್ಕಳ ಗಲಾಟೆ ಇದೆ, ಪಾರ್ಕು ತುಂಬುತ್ತದೆ. ಆದರೆ ನೆಲದ ಮೇಲೆ ಚೀಲ ಹಾಸಿ ಕೂರುವ ಅಜ್ಜಿಯರನ್ನು ನೋಡಬೇಕೆಂದರೆ ಅವನು ಹಳೇ ಇಂಚಾನಿನ ಮಾರ್ಕೆಟ್ಟಿಗೆ ಹೋಗುತ್ತಾನೆ. ಅದಕ್ಕೇ ನನಗೆ ಅನ್ನಿಸುವುದು: ಅಲಗೇರಿಯ ಪಕ್ಕ ಊರು ಬರುವುದಾದರೆ ನಕ್ಷೆಯಲ್ಲಿ ಸಂತೆಯ ಜಾಗಕ್ಕೆ ಮೊದಲು ಗೆರೆ ಎಳೆಯಲಿ. ಬಸ್ ಸ್ಟ್ಯಾಂಡಿಗೆ ಹತ್ತಿರ, ಮೇಲೊಂದು ಮಾಡು, ಕುಡಿಯುವ ನೀರು, ಹೆಂಗಸರಿಗೆ ಶೌಚಾಲಯ. ಈಗ ಸಂತೆಗೆ ಬರುವ ಎಷ್ಟೋ ಹೆಂಗಸರು ಇಡೀ ದಿನ ನೀರು ಕುಡಿಯದೆ ಕೂರುವುದು ಈ ಕೊನೆಯದು ಇಲ್ಲದ್ದಕ್ಕೇ.

ಕಾರವಾರವೇ ಒಂದು ಪ್ಲಾನ್ ಮಾಡಿದ ಊರು ಎನ್ನುವುದು ಬಹಳ ಜನಕ್ಕೆ ನೆನಪಿಲ್ಲ. ಕಡವಾಡದಲ್ಲಿ ಇಂಗ್ಲಿಷರ ವ್ಯಾಪಾರದ ಕೋಠಿ 1638ರಲ್ಲೇ ಇತ್ತು, ಆದರೆ ಈಗಿನ ಪೇಟೆ ಬೆಳೆದದ್ದು 1862ರ ನಂತರ. ಆ ವರ್ಷ ಉತ್ತರ ಕನ್ನಡ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಅಮೆರಿಕದಲ್ಲಿ ಒಳಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದ ಕಾಲ ಅದು. ಧಾರವಾಡ ಸೀಮೆಯ ಹತ್ತಿಯನ್ನು ಘಟ್ಟ ಇಳಿಸಿ ಹಡಗಿಗೆ ಹಾಕಲು ಒಂದು ಬಂದರು ಬೇಕಿತ್ತು. ಅದಕ್ಕೇ ಇಲ್ಲಿ ಬಂದರು, ರಸ್ತೆ, ಕಚೇರಿಗಳು. ಮೀನುಗಾರರ ಕೇರಿಗಳಿದ್ದ ಜಾಗ ಜಿಲ್ಲೆಯ ಮುಖ್ಯ ಊರಾಯಿತು. ರೈಲೂ ಇಲ್ಲಿಗೇ ಬರುತ್ತದೆ ಎಂದು ಎಲ್ಲರೂ ನಂಬಿದ್ದರು. ರೈಲು ಗೋವಾದ ಮುರ್ಮಗೋವಾ ಬಂದರಿಗೆ ಹೋಯಿತು, 1888ರ ಹೊತ್ತಿಗೆ. ಹತ್ತಿ ಆ ಕಡೆ ತಿರುಗಿತು. ಕಾರವಾರ ರೈಲಿನ ಸದ್ದು ಕೇಳಲು ಕೊಂಕಣ ರೈಲ್ವೆ ಬರುವವರೆಗೂ ನೂರು ವರ್ಷ ಕಾಯಬೇಕಾಯಿತು. ಒಂದೇ ಆಸೆಯ ಮೇಲೆ ಊರು ಕಟ್ಟಿದರೆ ಏನಾಗುತ್ತದೆ ಎನ್ನುವುದಕ್ಕೆ ನಾವು ಕೊರಿಯಾಕ್ಕೆ ಹೋಗಬೇಕಿಲ್ಲ. ಕಾರವಾರವನ್ನು ಉಳಿಸಿದ್ದು ಜಿಲ್ಲಾ ಕಚೇರಿ, ಮೀನು, ಮತ್ತು ಈ ಸಂತೆ.

ಸಂಜೆ ಟ್ಯಾಗೋರ್ ಕಡಲತೀರಕ್ಕೆ ಹೋದೆವು. ಚಾಪಲ್ ಯುದ್ಧನೌಕೆಯ ಪಕ್ಕ ನಿಲ್ಲಿಸಿದ ಟುಪೊಲೆವ್ ವಿಮಾನವನ್ನು ಮಕ್ಕಳು ಸುತ್ತುವರಿದಿದ್ದರು. ಕಾಳಿ ನದಿಯ ಹಳೇ ಸೇತುವೆ ಇದ್ದ ಜಾಗಕ್ಕೂ ಹೋಗಿ ಬಂದೆವು. 2024ರ ಆಗಸ್ಟ್ 7ರ ನಡುರಾತ್ರಿ ಕುಸಿದ ಸೇತುವೆ ಅದು.

ಸೋಮವಾರ: ಮಲ್ಲಾಪುರ, ಶಿರವಾಡ

ಬೆಳಿಗ್ಗೆ ಕಾಳಿಯ ದಡ ಹಿಡಿದು ಕೈಗಾ ಅಣುಸ್ಥಾವರದವರ ಮಲ್ಲಾಪುರ ಟೌನ್‌ಶಿಪ್ಪಿನವರೆಗೆ ಹೋದೆವು. ಕೈಗಾದ ಮೊದಲ ಘಟಕ 962 ದಿನ ನಿಲ್ಲದೆ ಓಡಿ 2018ರಲ್ಲಿ ವಿಶ್ವದಾಖಲೆ ಮಾಡಿತ್ತು. ಟೌನ್‌ಶಿಪ್ ಚೆನ್ನಾಗಿದೆ, ಮರ ಜಾಸ್ತಿ, ರಸ್ತೆ ಚೊಕ್ಕ. ಆದರೆ 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟಿನ ಗೇಟು ತೆರೆದಾಗ ಕಾಳಿ ದಡದ ಊರುಗಳ ಜೊತೆ ಇಲ್ಲಿಗೂ ನೀರು ಬಂತು. ಗೇಟಿನ ಒಳಗಿನವರು ಹೊರಗಿನವರು ಎಂದು ಹೊಳೆ ಭೇದ ಮಾಡಲಿಲ್ಲ. ಹೆಚ್ಚು ಹೊತ್ತು ನಿಲ್ಲಲಿಲ್ಲ, ರೈಲಿಗೆ ಹೊತ್ತಾಗಿತ್ತು.

ಶಿರವಾಡದ ಸ್ಟೇಷನ್ನಿನಲ್ಲಿ ಮಡಗಾಂವ್ ರೈಲಿಗೆ ಕಾಯುವಾಗ ಅಳಿಯ ಒಂದು ಕಾಗದ ತೆಗೆದು ಅಲಗೇರಿಯ ಚಿತ್ರ ಬರೆದ. ಗುಡ್ಡ, ಹೆದ್ದಾರಿ, ರನ್‌ವೇ, ಸಮುದ್ರ. ಹಳ್ಳ ಎಳೆಯುವಾಗ ಪೆನ್ನು ನಿಂತಿತು. "ನಮ್ಮ ಕಂಪನೀಲಿ ನೀರಿನ ಕೆಲಸ ನೋಡ್ವವ ಒಬ್ಬ ಇದ್ದ. ಹಳ್ಳದ ದಾರಿ, ಅಗಲ, ಮಳೆಗಾಲದ ನೀರಿನ ಮಟ್ಟ ಇಷ್ಟು ಕಳಿಸಿದ್ರೆ ಅವನ ಹತ್ರ ಕೇಳಿ, ಎಲ್ಲಿ ಎಷ್ಟು ದೊಡ್ಡ ಮೋರಿ ಬೇಕು ಹೇಳಿ ಬರೆಸ್ತೆ" ಎಂದ.

ಅಲ್ಲಿಂದಲೇ ಗೌಡರಿಗೆ ಫೋನ್ ಮಾಡಿದೆ. ಗುರುವಾರ ಅಂಕೋಲೆಯ ಸರ್ವೆ ಆಫೀಸಿಗೆ ಹೋಗಿ ಗ್ರಾಮ ನಕ್ಷೆಯ ಪ್ರತಿಗೆ ಅರ್ಜಿ ಕೊಡುವುದು ಎಂದು ಮಾತಾಯಿತು. ನಕ್ಷೆ ಸಿಕ್ಕ ಮೇಲೆ ಊರಿನ ನಾಲ್ಕು ಹಿರಿಯರನ್ನು ಕೂರಿಸಿ ಪ್ರತಿ ಹಳ್ಳವನ್ನೂ ಪ್ರತಿ ಹಳೇ ಕಾಲುವೆಯನ್ನೂ ಅದರ ಮೇಲೆ ನೀಲಿ ಶಾಯಿಯಲ್ಲಿ ಗುರುತು ಮಾಡಿಸುತ್ತೇವೆ. ಮುಂದಿನ ಗ್ರಾಮಸಭೆಯಲ್ಲಿ ಅದನ್ನು ಠರಾವಿಗೆ ಲಗತ್ತು ಮಾಡಿ ಜಿಲ್ಲಾಧಿಕಾರಿಗಳ ಕಚೇರಿಗೆ ಕಳಿಸಬೇಕು. ನೀರಿನ ಮಟ್ಟದ ಗುರುತು ಅಳೆಯಲು ಟೇಪು ನಾನು ತರುತ್ತೇನೆ ಎಂದೆ. ಮಳೆಗಾಲ ಬಂದು ಗುರುತು ತೊಳೆದು ಹೋಗುವ ಮೊದಲು ಕೆಲಸ ಮುಗಿಯಬೇಕು ಎಂದರು ಗೌಡರು.